ದಾಸೋಹದಲ್ಲಿ ಪಾತ್ರವಿಚಾರ

ಬಾಗಿಲಿಗೆ ಬಂದು ಕೈಯೊಡ್ಡಿದವನಿಗೆ ಕೊಡಬೇಕೆ, ಕೊಡಬಾರದೆ ಎಂಬ ಪ್ರಶ್ನೆ ಗೃಹಸ್ಥನಿಗೆ ದಿನವೂ ಎದುರಾಗತಕ್ಕದ್ದು. ಬೆಂಗಳೂರಿನ ಉತ್ತರ ಭಾಗದಲ್ಲಿ ವಾಸಿಸುವ ಸದ್ಭಕ್ತರಿಗಂತೂ ಮನೆಯಿಂದ ಹೊರಟು ಹಿಂದಿರುಗುವಷ್ಟರಲ್ಲಿ ಈ ಪ್ರಶ್ನೆ ಹಲವು ಬಾರಿ ಎದುರು ನಿಲ್ಲುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳು ನಿಂತಾಗ ಕಂಕುಳಲ್ಲಿ ಮಗುವನ್ನೆತ್ತಿಕೊಂಡ ತಾಯಿ, ಯಶವಂತಪುರದ ರೈಲು ನಿಲ್ದಾಣದ ಬಾಗಿಲಲ್ಲಿ ಕುಳಿತ ವೃದ್ಧ, ಯಲಹಂಕದ ಸಂತೆಬೀದಿಯಲ್ಲಿ ಕೋಲೂರಿ ನಡೆಯುವ ಕುರುಡ, ಇವರನ್ನು ನೋಡದೆ ಹೋಗುವವರಾರು? ಕೆಲವರು ಜೇಬಿಗೆ ಕೈಹಾಕಿ ನಾಣ್ಯವೊಂದನ್ನು ಕೊಟ್ಟು ಮುಂದೆ ಸಾಗುತ್ತಾರೆ. ಕೆಲವರು, ಇವನು ಗಟ್ಟಿಮುಟ್ಟಾಗಿದ್ದಾನೆ, ದುಡಿಯಲಿ. ಕೊಟ್ಟ ಹಣ ಹೆಂಡದಂಗಡಿಗೆ ಹೋಗುತ್ತದೆ. ಇವರ ಹಿಂದೆ ಯಾರೋ ಇದ್ದಾರೆ, ಎಂದು ಕಾರಣಗಳನ್ನು ಹೇಳಿಕೊಂಡು ಮುಖ ತಿರುಗಿಸುತ್ತಾರೆ.

ಕೊಟ್ಟವನೂ ಕೊಡದವನೂ ಒಂದು ವಿಷಯದಲ್ಲಿ ಸಮಾನರು. ಇಬ್ಬರೂ ನೋಡಿದ್ದು ಬೇಡುವವನನ್ನೇ. ಅವನು ಪಾತ್ರನೇ ಅಪಾತ್ರನೇ ಎಂದು ಒಬ್ಬನು ಕ್ಷಣದಲ್ಲಿ ತೀರ್ಮಾನಿಸಿ ಕೊಟ್ಟನು. ಇನ್ನೊಬ್ಬನು ಅಷ್ಟೇ ಬೇಗನೆ ತೀರ್ಮಾನಿಸಿ ಕೊಡದೆ ಹೋದನು. ದಾನದ ವಿಷಯದಲ್ಲಿ ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ಪ್ರಾಚೀನ ಧರ್ಮಗ್ರಂಥಗಳು ವಿಧಿಸಿರುವುದು ಸರಿಯೇ. ಆದರೆ ನಮ್ಮ ಶರಣರು ಈ ಪಾತ್ರವಿಚಾರವನ್ನು ಇನ್ನೊಂದು ತುದಿಯಿಂದ ಆರಂಭಿಸಿದರೆಂಬುದನ್ನು ನಾವು ಮರೆಯುತ್ತ ಬಂದಿದ್ದೇವೆ. ಕೊಳ್ಳುವವನು ಪಾತ್ರನೇ ಎಂದು ಕೇಳುವುದಕ್ಕಿಂತ ಮೊದಲು ಕೊಡುವವನು ಪಾತ್ರನೇ ಎಂದು ಅವರು ಕೇಳಿದರು. ಆ ಪ್ರಶ್ನೆಯನ್ನು ಇಂದಿನ ನಮ್ಮ ಬಾಳಿಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರ. ದಾನ ಎಂಬ ಮಾತಿನಲ್ಲಿ ಕೊಡುವವನಿಗೆ ಪ್ರಾಧಾನ್ಯ. ಅವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ಕೊಟ್ಟದ್ದು ಅವನ ಸ್ವತ್ತು. ಅದರ ಪುಣ್ಯವೂ ಅವನದೇ. ದಾಸೋಹ ಎಂಬ ಮಾತಾದರೋ ‘ನಾನು ದಾಸನು’ ಎಂಬ ಅರ್ಥದಿಂದ ಹುಟ್ಟಿದ್ದು. ಇಲ್ಲಿ ಕೊಡುವವನೇ ಕೆಳಗೆ ನಿಲ್ಲುತ್ತಾನೆ. ತನು, ಮನ, ಧನ ಮೂರೂ ತನ್ನವಲ್ಲ, ಶಿವನವು. ತನ್ನ ಕೈಯಲ್ಲಿ ಕೆಲವು ಕಾಲ ಇರಲೆಂದು ಬಂದಿವೆ. ಅವನ್ನು ಗುರು, ಲಿಂಗ, ಜಂಗಮಕ್ಕೆ ಸಲ್ಲಿಸುವುದು ಸೇವಕನ ಕರ್ತವ್ಯ ಎಂಬ ಭಾವ ಇದರಲ್ಲಿದೆ. ಇನ್ನೊಬ್ಬರು ಇಟ್ಟುಹೋದ ಗಂಟನ್ನು ಅವರಿಗೆ ಹಿಂದಿರುಗಿಸಿದವನು ‘ನಾನು ಕೊಟ್ಟೆ’ ಎಂದು ಹೇಳಿಕೊಳ್ಳುವುದಿಲ್ಲವಷ್ಟೆ. ದಾಸೋಹಿಯ ಮನಸ್ಸು ಅಂತಹದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ದಾಸೋಹವು ಜಂಗಮಕ್ಕೆ ಸಲ್ಲತಕ್ಕದ್ದು. ಬೀದಿಯಲ್ಲಿ ಬೇಡುವ ಬಡವನಿಗೆ ಕೊಡುವುದು ಬರಿಯ ದಾನ. ಎರಡನ್ನೂ ಬೆರಸಬಾರದು ಎಂದು ಹೇಳುವ ಹಿರಿಯರು ಉಂಟು. ಶಾಸ್ತ್ರದ ದೃಷ್ಟಿಯಿಂದ ಜಂಗಮಕ್ಕೆ ನಿರ್ದಿಷ್ಟವಾದ ಲಕ್ಷಣಗಳಿರುವುದು ನಿಜ. ಅದನ್ನು ಅಲ್ಲಗಳೆಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ದಾಸೋಹದ ಪರಂಪರೆಯನ್ನು ನಡೆಸಿಕೊಂಡು ಬಂದ ಮಠಗಳ ಆಚರಣೆಯನ್ನು ನೋಡೋಣ. ಯಶವಂತಪುರದಲ್ಲಿ ತುಮಕೂರಿನ ರೈಲು ಹತ್ತಿದವರಿಗೆ ಸಿದ್ಧಗಂಗೆ ದೂರವಲ್ಲ. ಅಲ್ಲಿ ಡಾ. ಶಿವಕುಮಾರ ಮಹಾಸ್ವಾಮಿಗಳು (1907–2019) 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿದಂದಿನಿಂದ ಲಿಂಗೈಕ್ಯರಾಗುವವರೆಗೆ ನಡೆಸಿದ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಾಡಿಗೇ ತಿಳಿದದ್ದು. ಹತ್ತು ಸಾವಿರದ ಆಸುಪಾಸಿನ ಮಕ್ಕಳು ಅಲ್ಲಿ ಉಂಡು ಓದುತ್ತ ಬಂದಿದ್ದಾರೆ. ಅವರಲ್ಲಿ ಬಹುಮಂದಿ ಬಡ ರೈತರ, ಕೂಲಿಕಾರರ ಮಕ್ಕಳು. ಎಲ್ಲ ಜಾತಿ ಮತಗಳಿಗೂ ಸೇರಿದವರು. ಆ ಅನ್ನಕ್ಕೆ ದಾಸೋಹವೆಂಬ ಹೆಸರಲ್ಲದೆ ದಾನವೆಂಬ ಹೆಸರನ್ನು ಯಾರೂ ಇಡಲಿಲ್ಲ. ಸುತ್ತಲಿನ ಹಳ್ಳಿಯ ರೈತರು ಕಣದಿಂದ ರಾಗಿಯನ್ನೂ ಕಾಳನ್ನೂ ತಂದು ಒಪ್ಪಿಸಿದರು. ಮಠಾಧಿಪತಿಗಳೇ ಭಕ್ತರ ಊರುಗಳಿಗೆ ಹೋಗಿ ಮಕ್ಕಳಿಗಾಗಿ ಭಿಕ್ಷೆಯನ್ನೆತ್ತಿದರು. ಪೀಠದಲ್ಲಿ ಕುಳಿತವರು ಬಡವರ ಮಗುವಿಗಾಗಿ ಜೋಳಿಗೆ ಹಿಡಿದ ಮೇಲೆ, ಆ ಮಗು ದಾಸೋಹಕ್ಕೆ ಅರ್ಹವೇ ಎಂಬ ವಾದ ತಾನಾಗಿಯೇ ನಿಂತುಹೋಗುತ್ತದೆ.

ಇನ್ನು ಕೊಡುವವನ ಪಾತ್ರತೆಯ ವಿಚಾರಕ್ಕೆ ಬರೋಣ. ಇದನ್ನು ನಮಗೆ ಎಲ್ಲರಿಗಿಂತ ಸ್ಪಷ್ಟವಾಗಿ ಕಲಿಸಿದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು. ಇವರು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯ ಅಮರೇಶ್ವರದವರು. ಅಲ್ಲಿಂದ ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವನ್ನಾಗಿ ಮಾಡಿಕೊಂಡರು. ಒಂದು ದಿನ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವಳು ಲಕ್ಕಮ್ಮ. ಅವಸರದಿಂದ ಎದ್ದು ಹೋದ ಮಾರಯ್ಯನು ದಿನದ ರೂಢಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಗಂಡನ ಶ್ರಮಕ್ಕೆ ಆಕೆ ಮೆಚ್ಚಲಿಲ್ಲ. ತಮ್ಮ ದಿನದ ಅಳತೆಯನ್ನು ಮೀರಿದ ಅಕ್ಕಿ ತಮ್ಮದಲ್ಲವೆಂದು ಹೇಳಿ, ಹೆಚ್ಚಾದುದನ್ನು ತಂದ ಸ್ಥಳಕ್ಕೇ ಒಪ್ಪಿಸಿ ಬರುವಂತೆ ಕಳುಹಿಸಿದಳು. ಆ ಅಳತೆಯ ಅಕ್ಕಿಯಿಂದಲೇ ಆ ಬಡ ದಂಪತಿಗಳು ಬಸವಣ್ಣನವರ ಮಹಾಮನೆಯ ಅಸಂಖ್ಯಾತ ಜಂಗಮರಿಗೆ ಉಣಬಡಿಸಿದರೆಂದು ಕಥೆ ಮುಂದುವರಿಯುತ್ತದೆ.

ಈ ಕಥೆಯನ್ನು ನಿರಾಸೆಯ ದೃಷ್ಟಾಂತವೆಂದು ಪುರಾಣಪ್ರವಚನಗಳಲ್ಲಿ ಕೇಳಿ ತಲೆದೂಗಿದವರು ನಾವೆಲ್ಲರೂ. ಆದರೆ ಇದನ್ನು ದಾನದ ಪ್ರಶ್ನೆಯಾಗಿ ನೋಡಿದರೆ ಮನಸ್ಸಿಗೆ ಒಂದು ಕಳವಳ ಉಂಟಾಗದಿರದು. ಹೆಚ್ಚಾಗಿ ಬಂದ ಅಕ್ಕಿಯಿಂದ ಇನ್ನೂ ನಾಲ್ಕು ಜನಕ್ಕೆ ಅನ್ನವಿಕ್ಕಬಹುದಾಗಿತ್ತಲ್ಲವೆ? ಲಕ್ಕಮ್ಮನು ಅದನ್ನೇಕೆ ಹಿಂದಕ್ಕೆ ಕಳುಹಿಸಿದಳು? ಉಣ್ಣುವವರ ಹೊಟ್ಟೆಗಿಂತ ತನ್ನ ಮನಸ್ಸಿನ ಶುದ್ಧಿ ಅವಳಿಗೆ ಹೆಚ್ಚಾಯಿತೆ?

ಲಕ್ಕಮ್ಮನು ಅಕ್ಕಿಯನ್ನು ಬೂದಿಗೆ ಸುರಿಸಲಿಲ್ಲ, ಬಂದಲ್ಲಿಗೆ ಕಳುಹಿಸಿದಳು ಎಂಬುದನ್ನು ಗಮನಿಸಬೇಕು. ಅಂಗಳದಲ್ಲಿ ಚೆಲ್ಲಿದ ಕಾಳನ್ನು ಆಯುವವರು ಅವರೊಬ್ಬರೇ ಆಗಿರಲಾರರು. ಒಬ್ಬನು ಹೆಚ್ಚು ಬಾಚಿಕೊಂಡರೆ ಹಿಂದೆ ಬರುವವನಿಗೆ ಕಡಿಮೆಯಾಗುತ್ತದೆ. ಒಬ್ಬನ ಪಾಲನ್ನು ಎತ್ತಿಕೊಂಡು ಬಂದು ಇನ್ನೊಬ್ಬನಿಗೆ ಬಡಿಸಿದರೆ ಅದರಿಂದ ಬಡತನ ಕಡಿಮೆಯಾಗುವುದಿಲ್ಲ. ಬಡಿಸಿದವನಿಗೆ ಹೆಸರು ಬರುವುದಷ್ಟೇ ಲಾಭ. ನನಗೆ ತೋರುವಂತೆ ಲಕ್ಕಮ್ಮನ ನಿಷ್ಠುರದ ಹಿಂದಿರುವುದು ಈ ವಿವೇಕ. ಕೊಡುವ ವಸ್ತು ಎಲ್ಲಿಂದ ಬಂತು ಎಂಬುದು ದಾಸೋಹಿಯು ತನಗೆ ತಾನೇ ಮಾಡಿಕೊಳ್ಳಬೇಕಾದ ಮೊದಲನೆಯ ಪರೀಕ್ಷೆ.

ಈ ಪರೀಕ್ಷೆಯನ್ನು ನಮ್ಮ ಕಾಲಕ್ಕೆ ತರಲು ಬಹಳ ದೂರ ಹೋಗಬೇಕಾದುದಿಲ್ಲ. ಯಶವಂತಪುರದ ಕೃಷಿ ಮಾರುಕಟ್ಟೆಯ ಪ್ರಾಂಗಣವನ್ನು ನೆನೆಯಿರಿ. ಅಕ್ಕಿ, ಬೇಳೆ, ಕಾಳುಗಳ ಮೂಟೆಗಳು ಲಾರಿಗಳಿಂದ ಇಳಿಯುವ ಸ್ಥಳ ಅದು. ಮೂಟೆ ಹೊರುವವರು ಹಮಾಲರು. ಇಂತಹ ಮಂಡಿಗಳಲ್ಲಿ ಮೂಟೆಯಿಂದ ಉದುರಿದ ಕಾಳನ್ನು ಗುಡಿಸಿ, ಮೊರದಲ್ಲಿ ಕೇರಿ, ಕಲ್ಲು ಮಣ್ಣು ತೆಗೆದು ಬದುಕುವ ಹೆಂಗಸರೂ ಉಂಟು. ಆಯ್ದಕ್ಕಿಯ ಕಾಯಕ ಹನ್ನೆರಡನೆಯ ಶತಮಾನದಲ್ಲಿಯೇ ಮುಗಿದುಹೋಗಲಿಲ್ಲ. ನಮ್ಮ ಸಮಾಜದಲ್ಲಿ ವ್ಯಾಪಾರಸ್ಥರು ಅನೇಕರು. ಮಂಡಿಯ ಮಾಲಿಕರೂ ಇದ್ದಾರೆ. ಹಬ್ಬದ ದಿನ ಅನ್ನಸಂತರ್ಪಣೆಗೆ ಹತ್ತು ಮೂಟೆ ಅಕ್ಕಿ ಕೊಡುವ ವ್ಯಾಪಾರಿಯು ಅದೇ ಅಕ್ಕಿಯನ್ನು ಹೊತ್ತ ಹಮಾಲನ ಕೂಲಿಯಲ್ಲಿ ಮೂಟೆಗೆ ಇಷ್ಟೆಂದು ಜಗ್ಗಾಡಿ ಕಡಿಮೆ ಕೊಟ್ಟಿದ್ದರೆ, ಆ ಸಂತರ್ಪಣೆಯ ಅನ್ನವನ್ನು ಯಾರು ಇಕ್ಕಿದಂತಾಯಿತು? ಹಮಾಲನೇ ಇಕ್ಕಿದನೆಂದು ಲಕ್ಕಮ್ಮನು ಹೇಳುತ್ತಿದ್ದಳು. ಹೆಸರು ಮಾತ್ರ ಮಾಲಿಕನದು.

ವ್ಯಾಪಾರಿಗಳನ್ನು ಮಾತ್ರ ಹೇಳಿ ಉಳಿದವರನ್ನು ಬಿಡುವುದು ನ್ಯಾಯವಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಯಲಹಂಕದಾಚೆಯವರೆಗೆ ಹೊಲಗದ್ದೆಗಳಿದ್ದ ಸ್ಥಳದಲ್ಲಿ ಕಟ್ಟಡಗಳು ಎದ್ದಿವೆ. ಇವನ್ನು ಕಟ್ಟಿದವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಗುಳೆ ಬಂದವರು ಬಹುಮಂದಿ. ಉತ್ತರ ಭಾರತದಿಂದ ಬಂದವರೂ ಅಷ್ಟೇ ಮಂದಿ ಇರಬಹುದು. ತಗಡಿನ ಗೋಡೆ, ನೀಲಿ ಹೊದಿಕೆಯ ಗುಡಿಸಲುಗಳಲ್ಲಿ ಅವರ ವಾಸ. ಮಾರಯ್ಯ ಲಕ್ಕಮ್ಮರು ಯಾವ ನೆಲದಿಂದ ಕಲ್ಯಾಣಕ್ಕೆ ನಡೆದು ಬಂದರೋ ಅದೇ ನೆಲದ ಜನ ಇಂದು ನಮ್ಮ ಬೀದಿಗೆ ಕಾಯಕ ಹುಡುಕಿಕೊಂಡು ಬಂದಿದ್ದಾರೆ ಎಂಬುದನ್ನು ವಚನಗಳನ್ನು ಪಾರಾಯಣ ಮಾಡುವ ನಾವು ಎಷ್ಟು ಸಲ ಯೋಚಿಸಿದ್ದೇವೆ? ಮನೆ ಕಟ್ಟಿಸುವವರು ಗೃಹಪ್ರವೇಶದ ದಿನ ಕೆಲಸದವರಿಗೆ ಹೊಸ ಬಟ್ಟೆ ಕೊಟ್ಟು ಊಟವಿಕ್ಕುತ್ತಾರೆ. ಅದು ಒಳ್ಳೆಯ ಪದ್ಧತಿ. ಆದರೆ ಕಟ್ಟಡ ಕಾರ್ಮಿಕರ ಕ್ಷೇಮಕ್ಕಾಗಿ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಸಲ್ಲಿಸಬೇಕಾದ ಉಪಕರವೊಂದಿದೆ. 1996ರ ಕೇಂದ್ರ ಶಾಸನದಿಂದ ಆ ವ್ಯವಸ್ಥೆ ಹುಟ್ಟಿತು. ಕರ್ನಾಟಕದಲ್ಲಿ ಅದಕ್ಕಾಗಿ ಮಂಡಳಿಯೊಂದು 2007ರಲ್ಲಿ ಸ್ಥಾಪಿತವಾಯಿತು. ವೆಚ್ಚವನ್ನು ಕಡಿಮೆ ಬರೆಸಿ ಆ ನೂರಕ್ಕೆ ಒಂದನ್ನು ಉಳಿಸಿಕೊಂಡವನು ಗೃಹಪ್ರವೇಶದಲ್ಲಿ ಹಂಚಿದ ಬಟ್ಟೆ, ಕೆಲಸದವರ ದುಡ್ಡಿನಲ್ಲಿಯೇ ಕೊಂಡದ್ದಲ್ಲವೆ?

2020ನೆಯ ಇಸವಿ ಈ ಮಾತನ್ನು ನಮ್ಮೆಲ್ಲರ ಕಣ್ಣೆದುರಿಗೆ ತಂದು ನಿಲ್ಲಿಸಿತು. ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿಕೊಂಡಾಗ ದಿನಗೂಲಿಯವರ ಒಲೆಗಳು ಆರಿದವು. ಆಗ ಮಠಗಳೂ, ಸಂಘಗಳೂ, ಮನೆಮನೆಯ ಗೃಹಿಣಿಯರೂ ಅನ್ನದ ಪೊಟ್ಟಣಗಳನ್ನು ಕಟ್ಟಿ ಹಂಚಿದ್ದು ನಗರದ ಪುಣ್ಯಕಾರ್ಯಗಳಲ್ಲೊಂದು. ಮೇ ತಿಂಗಳ ಮೊದಲ ವಾರದಲ್ಲಿ ಚಿಕ್ಕಬಾಣಾವರದ ನಿಲ್ದಾಣದಿಂದ ಕಾರ್ಮಿಕರನ್ನು ಅವರ ರಾಜ್ಯಗಳಿಗೆ ಕರೆದೊಯ್ಯುವ ರೈಲುಗಳು ಹೊರಟವು. ಕೆಲಸಗಾರರು ಹೊರಟುಹೋದರೆ ಕಟ್ಟಡಗಳ ಗತಿಯೇನೆಂಬ ಚಿಂತೆ ಎದ್ದು, ಆ ರೈಲುಗಳನ್ನು ನಡುವೆ ನಿಲ್ಲಿಸಲಾಯಿತು. ಬಲವಾದ ಆಕ್ಷೇಪ ಬಂದ ಮೇಲೆ ಪುನಃ ಓಡಿಸಲಾಯಿತು. ಅಂದು ನಿಲ್ದಾಣದ ದಾರಿ ಹಿಡಿದವರಲ್ಲಿ ಹಲವರ ಅಳಲು ಒಂದೇ ಆಗಿತ್ತು: ಮಾಡಿದ ಕೆಲಸದ ಕೂಲಿ ಇನ್ನೂ ಬರಬೇಕಾಗಿದೆ. ಕೂಲಿ ಬಾಕಿಯಿದ್ದವನ ಕೈಗೆ ಅನ್ನದ ಪೊಟ್ಟಣ ಬಂತು. ಪೊಟ್ಟಣ ಕೊಟ್ಟವನು ಬೇರೆ, ಕೂಲಿ ಉಳಿಸಿಕೊಂಡವನು ಬೇರೆ ಇರಬಹುದು. ಆದರೂ ಸಮಾಜವೆಂಬ ಒಂದೇ ದೇಹದ ಎರಡು ಕೈಗಳು ಅವು. ಋಣವನ್ನು ತೀರಿಸದೆ ದಾನ ಮಾಡಿದವನನ್ನು ಲೋಕ ಉದಾರಿಯೆಂದು ಕರೆಯಬಹುದು. ಶರಣರು ಹಾಗೆ ಕರೆಯಲಾರರು. ನುಲಿಯ ಚಂದಯ್ಯನ ಕಥೆಯನ್ನು ಜ್ಞಾಪಿಸಿಕೊಳ್ಳಿ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ಆ ಶರಣನು, ತನ್ನ ಹಗ್ಗಕ್ಕೆ ಅದರ ಬೆಲೆಯನ್ನು ಮೀರಿ ಹೊನ್ನು ಬಂದಾಗ ಅದನ್ನು ಒಪ್ಪಲಿಲ್ಲ. ಅವನು ಕೇಳಿದ್ದು ಕಾಯಕದ ನ್ಯಾಯವಾದ ಬೆಲೆಯನ್ನು ಮಾತ್ರ. ದುಡಿಯುವ ಬಡವನು ನಮ್ಮಿಂದ ಮೊದಲು ಬಯಸುವುದೂ ಅದನ್ನೇ.

ಈ ವಿಚಾರಕ್ಕೆ ವಿರೋಧವಾಗಿ ಎರಡು ಮಾತುಗಳನ್ನು ಹೇಳಬಹುದು. ಎರಡಕ್ಕೂ ಉತ್ತರ ಕೊಡದೆ ಮುಂದೆ ಹೋಗುವುದು ಸರಿಯಲ್ಲ. ಮೊದಲನೆಯದು: ತನ್ನ ಕೈ ಪೂರ್ತಿ ಶುದ್ಧವಾಗುವವರೆಗೂ ಕೊಡಬಾರದೆಂದರೆ ಹಸಿದವನ ಗತಿಯೇನು? ಈ ಆಕ್ಷೇಪ ನ್ಯಾಯವಾದದ್ದು. ಹಸಿವು ನಮ್ಮ ಆತ್ಮಶೋಧನೆ ಮುಗಿಯಲೆಂದು ಕಾದು ಕುಳಿತಿರುವುದಿಲ್ಲ. ಹಸಿದು ಬಂದವನಿಗೆ ಮೊದಲು ಅನ್ನ. ಅವನು ಉಣ್ಣುತ್ತಿರುವಾಗ ನಮ್ಮ ಲೆಕ್ಕದ ಪುಸ್ತಕವನ್ನು ನಾವು ತೆರೆದು ನೋಡಿಕೊಳ್ಳಬೇಕು. ಕೊಡುವುದನ್ನು ನಿಲ್ಲಿಸಲು ಈ ಪರೀಕ್ಷೆಯನ್ನು ನೆಪಮಾಡಿಕೊಂಡವನು ಜಿಪುಣತನಕ್ಕೆ ಶರಣರ ಹೆಸರನ್ನು ಹಚ್ಚಿದಂತಾಗುತ್ತದೆ. ಲಕ್ಕಮ್ಮನ ಮನೆಯಲ್ಲಿ ಒಲೆ ಆರಲಿಲ್ಲ ಎಂಬುದನ್ನು ನೆನಪಿಡಬೇಕು. ಆಕೆ ಅಕ್ಕಿಯನ್ನು ಹಿಂದಿರುಗಿಸಿದಳು, ಇಕ್ಕುವುದನ್ನು ಬಿಡಲಿಲ್ಲ.

ಎರಡನೆಯ ಮಾತು ಹೆಚ್ಚು ಸೂಕ್ಷ್ಮವಾದದ್ದು. ಕಾಯಕವಿಲ್ಲದವನಿಗೆ ಪ್ರಸಾದವಿಲ್ಲವೆಂಬುದು ನಮ್ಮ ತತ್ತ್ವವಾಗಿರುವಾಗ, ದುಡಿಯದೆ ಬೇಡುವವನಿಗೆ ಕೊಡುವುದು ಸೋಮಾರಿತನವನ್ನು ಬೆಳೆಸಿದಂತಲ್ಲವೆ ಎಂದು ಅನೇಕ ಭಕ್ತರು ಕೇಳುತ್ತಾರೆ. ಕಾಯಕತತ್ತ್ವವನ್ನು ಶರಣರು ತಮಗೆ ತಾವು ವಿಧಿಸಿಕೊಂಡರು. ಅದು ಮೊದಲು ನನ್ನನ್ನು ದುಡಿಸುವ ವ್ರತ. ಇನ್ನೊಬ್ಬನ ಬೆನ್ನಿನ ಮೇಲೆ ಬೀಸುವ ಬಾರುಕೋಲಲ್ಲ. ಬೇಡುವವನಿಗೆ ಕಾಯಕವನ್ನು ಉಪದೇಶಿಸುವ ಮೊದಲು, ಅವನಿಗೆ ಕಾಯಕ ಕೊಡಲು ನಾನು ಸಿದ್ಧನೇ ಎಂದು ಕೇಳಿಕೊಳ್ಳಬೇಕು. ಬೀದಿಯಲ್ಲಿ ಬೇಡಿದ ಮನುಷ್ಯನನ್ನು ಅಂಗಡಿಯ ಕೆಲಸಕ್ಕೆ, ಮನೆಯ ಕೆಲಸಕ್ಕೆ ನಮ್ಮಲ್ಲಿ ಎಷ್ಟು ಮಂದಿ ಸೇರಿಸಿಕೊಳ್ಳುತ್ತೇವೆ? ವಿಳಾಸವಿಲ್ಲ, ಗುರುತಿನ ಚೀಟಿಯಿಲ್ಲ, ಮೈಮೇಲೆ ಶುದ್ಧವಾದ ಬಟ್ಟೆಯಿಲ್ಲ ಎಂದು ಬಾಗಿಲು ಹಾಕಿ, ಆಮೇಲೆ ‘ದುಡಿದು ತಿನ್ನು’ ಎಂದರೆ ಅದು ಉಪದೇಶವಾಗದು, ಹಾಸ್ಯವಾದೀತು. ಮುಪ್ಪಿನವರು, ರೋಗಿಗಳು, ಮಕ್ಕಳು, ಬುದ್ಧಿಭ್ರಮಣೆಯಾದವರು, ಇವರಂತೂ ಈ ವಾದದ ಹೊರಗಿನವರೇ. ಅವರನ್ನು ಪೋಷಿಸುವುದೇ ನಮ್ಮ ಕಾಯಕದ ಒಂದು ಭಾಗ.

ಬೇಡುವವರ ವಿಷಯದಲ್ಲಿ ರಾಜ್ಯವು ಮಾಡಿರುವ ವ್ಯವಸ್ಥೆಯನ್ನೂ ಇಲ್ಲಿ ನೋಡಬೇಕು. ಕರ್ನಾಟಕದಲ್ಲಿ 1975ರ ಶಾಸನದಂತೆ ಭಿಕ್ಷಾಟನೆ ನಿಷಿದ್ಧ. ನಿರಾಶ್ರಿತರ ಪರಿಹಾರ ಕೇಂದ್ರಗಳಿಗಾಗಿ ಸ್ಥಳೀಯ ಸಂಸ್ಥೆಗಳು ಮನೆ, ನಿವೇಶನಗಳ ತೆರಿಗೆಯ ಮೇಲೆ ನೂರಕ್ಕೆ ಮೂರರಂತೆ ಉಪಕರವನ್ನು ವಸೂಲು ಮಾಡುತ್ತವೆ. ಅಂದರೆ ಆರ್.ಟಿ. ನಗರದಲ್ಲಾಗಲಿ ಯಲಹಂಕದಲ್ಲಾಗಲಿ ಸ್ವಂತ ಮನೆಯುಳ್ಳ ಪ್ರತಿಯೊಬ್ಬ ಭಕ್ತನೂ ತಾನರಿಯದೆಯೇ ಪ್ರತಿವರ್ಷ ನಿರ್ಗತಿಕರಿಗಾಗಿ ಹಣ ಕೊಡುತ್ತಿದ್ದಾನೆ. ಕೊಟ್ಟ ಮೇಲೆ ಮರೆಯುವುದು ದಾನದ ಗುಣವೆಂದು ಹೇಳುವುದುಂಟು. ಆದರೆ ಈ ಮರೆವು ಗುಣವಲ್ಲ. 2010ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಹಲವಾರು ನಿರಾಶ್ರಿತರು ಮೃತರಾದರು. ಪತ್ರಿಕೆಗಳಲ್ಲಿ ಆ ವಾರ್ತೆ ಬಂದಾಗ ನಾಡು ತಲ್ಲಣಿಸಿತು, ಸಂಬಂಧಪಟ್ಟ ಸಚಿವರು ರಾಜೀನಾಮೆ ಕೊಟ್ಟರು. ಅದು ನಮ್ಮ ಹಣದಿಂದ ನಡೆಯುವ ಕೇಂದ್ರ. ಅಲ್ಲಿರುವವರು ಹೇಗಿದ್ದಾರೆಂದು ವರ್ಷಕ್ಕೊಮ್ಮೆಯಾದರೂ ವಿಚಾರಿಸುವ ಹೊಣೆ ಹಣ ಕೊಟ್ಟವನಿಗೆ ಇರಲಿಲ್ಲವೆ? ಧನದ ದಾಸೋಹದೊಡನೆ ತನುವಿನ, ಮನದ ದಾಸೋಹವನ್ನೂ ಶರಣರು ಹೇಳಿದ್ದು ಇದಕ್ಕಾಗಿ. ಹಣ ಒಂದೇ ಹೋದರೆ ಅದನ್ನು ಕಾಯುವ ಕಣ್ಣು ಇರುವುದಿಲ್ಲ.

ಇತ್ತೀಚೆಗೆ ಇನ್ನೊಂದು ಮಾತು ಕೇಳಿಬರುತ್ತದೆ. ಸರ್ಕಾರವೇ ಅಕ್ಕಿ ಕೊಡುತ್ತದೆ, ಶಾಲೆಯಲ್ಲಿ ಊಟವಿಕ್ಕುತ್ತದೆ, ಇನ್ನು ನಮ್ಮ ದಾಸೋಹವೇಕೆ ಎಂದು. ಶಾಲೆಯ ಮಧ್ಯಾಹ್ನದ ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟರು. ಶರಣರ ಶಬ್ದವೊಂದು ರಾಜ್ಯದ ಕಾರ್ಯಕ್ರಮಕ್ಕೆ ಹೆಸರಾದುದು ನಮಗೆ ಹೆಮ್ಮೆಯ ವಿಷಯ. 2013ರಲ್ಲಿ ಅನ್ನಭಾಗ್ಯ ಬಂದಿತು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ಬೆಲೆ ಗೊತ್ತುಮಾಡಿದರು. ಆ ಹತ್ತು ರೂಪಾಯಿಯನ್ನು ಅಲ್ಪವೆಂದು ನಗಬಾರದು. ಅದನ್ನು ಕೊಟ್ಟು ಊಟ ಕೊಂಡ ಕೂಲಿಯವನು ಯಾರಿಗೂ ತಲೆಬಾಗದೆ ಉಣ್ಣುತ್ತಾನೆ. ಬಡವನಿಗೆ ಹಕ್ಕಾಗಿ ದೊರೆತದ್ದನ್ನು ನೋಡಿ, ತಾನು ಕೊಟ್ಟು ಪಡೆಯುತ್ತಿದ್ದ ಪುಣ್ಯಕ್ಕೆ ಕೊರತೆಯಾಯಿತೆಂದು ವ್ಯಸನಪಡುವವನಿಗೆ ಬೇಕಾಗಿದ್ದುದು ಬಡವನ ಸುಖವಲ್ಲ, ಅವನ ಬಡತನ. ದಾಸೋಹಿಯು ಇಂತಹ ವ್ಯವಸ್ಥೆಯನ್ನು ಕಂಡು ಸಂತೋಷಪಡುತ್ತಾನೆ. ಅದರಲ್ಲಿ ಯಾರು ಬಿಟ್ಟುಹೋಗಿದ್ದಾರೆಂದು ಹುಡುಕುತ್ತಾನೆ. ಊರು ಬಿಟ್ಟು ಬಂದವನ ಪಡಿತರ ಚೀಟಿ ಊರಿನಲ್ಲಿಯೇ ಉಳಿದಿರಬಹುದು; ಗುಡಿಸಲಿನ ಮಗುವಿಗೆ ಶಾಲೆ ದೂರವಾಗಿರಬಹುದು. ಕೈಹಿಡಿದು ಕಛೇರಿಗೆ ಕರೆದುಕೊಂಡು ಹೋಗುವುದು, ಅರ್ಜಿ ಬರೆದುಕೊಡುವುದು, ಮಗುವನ್ನು ಶಾಲೆಗೆ ಸೇರಿಸುವುದು, ಇವು ಹಣದ ಖರ್ಚಿಲ್ಲದ ದಾಸೋಹಗಳು.

ದಾಸೋಹಿಯ ಎರಡನೆಯ ಪರೀಕ್ಷೆ, ಕೊಡುವಾಗ ತಾನು ಹೇಗೆ ನಿಂತಿದ್ದೇನೆಂಬುದು. ಒಂದು ಬೀಸಣಿಗೆ ಕೊಟ್ಟರೆ ಅದರ ಮೂರು ರೆಕ್ಕೆಗಳ ಮೇಲೂ ಹೆಸರು ಬರೆಸುವ ಅಭ್ಯಾಸ ನಮ್ಮಲ್ಲಿದೆ. ಮಠಮಂದಿರಗಳ ಗೋಡೆಗಳ ಮೇಲಿನ ಅಮೃತಶಿಲೆಯ ಹಲಗೆಗಳನ್ನು ನೋಡಿದರೆ ಶಿವನಿಗಿಂತ ಕೊಟ್ಟವರ ಹೆಸರೇ ಹೆಚ್ಚು ಕಾಣುತ್ತದೆ. ಸಂಸ್ಥೆಯ ಲೆಕ್ಕಕ್ಕೆ ಹೆಸರು ಬೇಕಾದೀತು, ಅದು ಪುಸ್ತಕದಲ್ಲಿರಲಿ. ಬಡ ವಿದ್ಯಾರ್ಥಿಗೆ ಪುಸ್ತಕ ಕೊಡುವಾಗ ಅವನನ್ನು ವೇದಿಕೆಗೆ ಹತ್ತಿಸಿ, ಭಾವಚಿತ್ರ ತೆಗೆಸಿ, ನೂರು ಜನರೆದುರು ಅವನ ಬಡತನವನ್ನು ಸಾರುವುದು ಯಾವ ದಾಸೋಹ? ಆ ಹುಡುಗನು ಪುಸ್ತಕದೊಡನೆ ಒಂದು ಅವಮಾನವನ್ನೂ ಮನೆಗೆ ಒಯ್ಯುತ್ತಾನೆ. ನಮ್ಮ ಸಮಾಜದ ಹಿರಿಯರು ಇದಕ್ಕಿಂತ ಉತ್ತಮವಾದ ಮಾರ್ಗವನ್ನು ತೋರಿಸಿದ್ದಾರೆ. ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು (1838–1910) ವ್ಯಾಪಾರದಲ್ಲಿ ಗಳಿಸಿದ ಸಂಪತ್ತನ್ನು ಧರ್ಮಸಂಸ್ಥೆಗೆ ಬಿಟ್ಟು, ಬೆಂಗಳೂರು ನಗರದ ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗೆ ಛತ್ರವನ್ನು ನಿರ್ಮಿಸಿದರು. 1903ರಲ್ಲಿ ಅದು ಆರಂಭವಾಯಿತು. ಅವರ ಧರ್ಮಸಂಸ್ಥೆಯ ಉಚಿತ ವಿದ್ಯಾರ್ಥಿನಿಲಯದಲ್ಲಿ ಹಳ್ಳಿಗಳಿಂದ ಬಂದ ಅನೇಕ ಬಡ ಹುಡುಗರು ಓದಿ ಮುಂದೆ ಬಂದರು. ಹಾಗೆ ಓದಿದವನು ಬದುಕಿನುದ್ದಕ್ಕೂ ಕೈಯೊಡ್ಡಬೇಕಾಗಲಿಲ್ಲ, ತಾನೂ ಕೊಡುವವನಾದನು. ಒಂದು ಹೊತ್ತಿನ ಹಸಿವಿಗೆ ಅನ್ನ ಬೇಕೇ ಬೇಕು. ಆದರೆ ಕೊಂಡವನನ್ನು ಕೊಡುವವನನ್ನಾಗಿ ಮಾಡುವ ದಾಸೋಹಕ್ಕೆ ಫಲ ಹೆಚ್ಚು.

ಇದು ನಮ್ಮನ್ನು ಮೂರನೆಯ ಪರೀಕ್ಷೆಗೆ ತಂದು ಬಿಡುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ಇದೇ. ಯಾರಿಗೆ ನಾನು ಕೊಡುತ್ತೇನೆಯೋ ಅವನ ಕೈಯಿಂದ ತೆಗೆದುಕೊಳ್ಳಲು ನಾನು ಸಿದ್ಧನೇ? ಮಾರಯ್ಯ ಲಕ್ಕಮ್ಮರು ಕಲ್ಯಾಣದಲ್ಲಿ ಅತ್ಯಂತ ಬಡವರು. ಭಂಡಾರದ ಅಧಿಕಾರಿಯಾಗಿದ್ದ ಬಸವಣ್ಣನವರು ಅವರಿಗೆ ಬೇಕಾದಷ್ಟು ಕೊಡಬಹುದಾಗಿತ್ತು. ಆದರೆ ಶರಣರ ಕಥೆಯಲ್ಲಿ ಅವರು ಕೊಡುವವರಾಗಿ ನಿಲ್ಲುತ್ತಾರೆ, ಮಹಾಮನೆಯವರು ಉಣ್ಣುವವರಾಗಿ ಬರುತ್ತಾರೆ. ಊರ ಹೊರಗಿನ ಕೇರಿಯಲ್ಲಿದ್ದ ನಾಗಿದೇವನ ಮನೆಗೆ ಬಸವಣ್ಣನವರು ಹೋಗಿ ಪ್ರಸಾದ ಸ್ವೀಕರಿಸಿದ ಪ್ರಸಂಗವೂ ಇದನ್ನೇ ಸಾರುತ್ತದೆ. ಅಂದಿನ ಸಮಾಜ ಅವರನ್ನು ದೂರಿದ್ದು ಕೇರಿಯವರಿಗೆ ಕೊಟ್ಟರೆಂದಲ್ಲ, ಅವರ ಮನೆಯಲ್ಲಿ ಉಂಡರೆಂದು. ಕೊಡುವುದನ್ನು ಲೋಕವು ಎಂದೂ ಸಹಿಸಿದೆ. ಏಕೆಂದರೆ ಅದರಿಂದ ಮೇಲು ಕೀಳು ಇದ್ದಂತೆಯೇ ಇರುತ್ತದೆ. ತೆಗೆದುಕೊಂಡಾಗ ಮಾತ್ರ ಅದು ಮುರಿಯುತ್ತದೆ.

ನಮ್ಮ ಮನೆಯ ಪಾತ್ರೆ ಬೆಳಗುವ ಹೆಣ್ಣುಮಗಳಿಗೆ ಹಬ್ಬದ ದಿನ ಹೋಳಿಗೆ ಕೊಡುತ್ತೇವೆ. ಆಕೆ ತನ್ನ ಮಗಳ ಹುಟ್ಟುಹಬ್ಬಕ್ಕೆ ಕರೆದರೆ ಹೋಗುತ್ತೇವೆಯೆ? ಹೋದರೆ, ಅಲ್ಲಿ ಕೊಟ್ಟ ಪಾಯಸವನ್ನು ಕುಡಿಯುತ್ತೇವೆಯೆ, ಹೊಟ್ಟೆ ಸರಿಯಿಲ್ಲವೆಂದು ತಪ್ಪಿಸಿಕೊಳ್ಳುತ್ತೇವೆಯೆ? ಮನೆಯಲ್ಲಿ ಆಕೆಗೆ ಕಾಫಿ ಕೊಡುವ ಲೋಟವನ್ನು ಬೇರೆ ಇಟ್ಟಿಲ್ಲವಷ್ಟೆ? ಕಟ್ಟಡದ ಕಾವಲುಗಾರನು ರಾಯಚೂರಿನಿಂದ ತಂದ ಜೋಳದ ರೊಟ್ಟಿಯನ್ನು ಪ್ರೀತಿಯಿಂದ ಕೊಟ್ಟರೆ ಕುಳಿತು ಉಣ್ಣುತ್ತೇವೆಯೆ? ಈ ಪ್ರಶ್ನೆಗಳು ಸಣ್ಣವಾಗಿ ತೋರಬಹುದು. ಆದರೆ ಪರೀಕ್ಷೆ ನಡೆಯುವುದು ಇಲ್ಲಿಯೇ, ಸಂತರ್ಪಣೆಯ ಚಪ್ಪರದಲ್ಲಿ ಅಲ್ಲ. ಒಬ್ಬನ ಕೈಯಿಂದ ಏನನ್ನೂ ತೆಗೆದುಕೊಳ್ಳದೆ ಅವನಿಗೆ ಕೊಡುತ್ತಲೇ ಇರುವವನು ಅವನನ್ನು ಎಂದೆಂದಿಗೂ ಬೇಡುವವನನ್ನಾಗಿಯೇ ಇಡುತ್ತಾನೆ. ಅವನಿಗೂ ಕೊಡುವ ಭಾಗ್ಯ ದೊರೆಯಲಿ ಎಂದು ಬಯಸುವವನು ಅವನಲ್ಲಿ ಶಿವನನ್ನು ಕಂಡವನು.

ಹೀಗೆ ನೋಡಿದಾಗ ಗೃಹಸ್ಥನ ಕರ್ತವ್ಯದ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ. ಮೊದಲು, ತನ್ನ ಕೈಕೆಳಗೆ ದುಡಿದವರಿಗೆ ನ್ಯಾಯವಾದ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ವಾರಕ್ಕೊಂದು ಬಿಡುವು, ಕಾಯಿಲೆಯಾದಾಗ ಸಂಬಳ ಹಿಡಿಯದಿರುವುದು ಇದರಲ್ಲಿಯೇ ಸೇರಿದೆ. ಇದು ದಾನವಲ್ಲ, ಋಣ. ಎರಡನೆಯದಾಗಿ, ರಾಜ್ಯಕ್ಕೆ ಸಲ್ಲಬೇಕಾದ ತೆರಿಗೆ ಉಪಕರಗಳನ್ನು ಮುಚ್ಚುಮರೆಯಿಲ್ಲದೆ ಸಲ್ಲಿಸಿ, ಅದರ ಉಪಯೋಗವನ್ನು ವಿಚಾರಿಸಬೇಕು. ಇದು ಪ್ರಜೆಯ ಧರ್ಮ. ಮೂರನೆಯದಾಗಿ, ಉಳಿದ ಕಾಯಕದ ಗಳಿಕೆಯಿಂದ, ಅಳತೆಗೆ ತಕ್ಕಷ್ಟು, ಹೆಸರಿನ ಆಸೆಯಿಲ್ಲದೆ ಸಲ್ಲಿಸಿದ್ದೇ ದಾಸೋಹ. ಬೀದಿಯಲ್ಲಿ ಕೈಯೊಡ್ಡಿದವನಿಗೆ ನಾಣ್ಯ ಕೊಡಬೇಕೆ ಅನ್ನ ಕೊಡಬೇಕೆ ಎಂಬುದನ್ನು ಆ ಹೊತ್ತಿನ ವಿವೇಕಕ್ಕೆ ಬಿಡಬಹುದು. ಎರಡೂ ಸಾಧ್ಯವಾಗದಿದ್ದರೆ ನಿಂತು ಅವನ ಹೆಸರು ಕೇಳಿ ಒಂದು ಒಳ್ಳೆಯ ಮಾತಾಡಬಹುದು. ಅವನು ಮೋಸಗಾರನಾಗಿದ್ದು ನಮ್ಮ ಹತ್ತು ರೂಪಾಯಿ ವ್ಯರ್ಥವಾದರೆ ನಮಗೆ ಆಗುವ ನಷ್ಟ ಹತ್ತು ರೂಪಾಯಿ ಮಾತ್ರ. ನಿಜವಾಗಿ ಹಸಿದವನನ್ನು ಮೋಸಗಾರನೆಂದು ತಿಳಿದು ನೂಕಿದರೆ ಆಗುವ ನಷ್ಟಕ್ಕೆ ಅಳತೆಯಿಲ್ಲ. ಎರಡರಲ್ಲಿ ಒಂದು ತಪ್ಪನ್ನು ಮಾಡಲೇಬೇಕಾಗಿ ಬಂದರೆ ಮೊದಲನೆಯದನ್ನೇ ಮಾಡುವುದು ಲೇಸು.

ಪಾತ್ರವಿಚಾರವನ್ನು ಬಿಡಬೇಕಾಗಿಲ್ಲ, ಅದನ್ನು ತನ್ನಿಂದ ಆರಂಭಿಸಬೇಕು. ನಾನು ಕೊಡುವುದು ಯಾರದು, ಕೊಡುವಾಗ ನಾನು ಹೇಗಿದ್ದೇನೆ, ಅವನ ಕೈಯಿಂದ ನಾನು ಕೊಳ್ಳಬಲ್ಲೆನೇ, ಈ ಮೂರನ್ನು ಪ್ರತಿದಿನ ಪೂಜೆಯ ಹೊತ್ತಿನಲ್ಲಿ, ಅಂಗೈಯ ಇಷ್ಟಲಿಂಗದ ಮುಂದೆ ಕೇಳಿಕೊಳ್ಳುವ ಭಕ್ತನಿಗೆ, ಬಾಗಿಲಲ್ಲಿ ನಿಂತವನು ಅಪಾತ್ರನಾಗಿ ಕಾಣುವ ಸಂದರ್ಭಗಳು ಬಹಳ ಕಡಿಮೆಯಾಗುವುವು. ಲಿಂಗಸುಗೂರಿನ ಕಡೆಯಿಂದ ಬಂದು ಅಕ್ಕಿ ಆಯ್ದ ಆ ತಾಯಿಯ ನಿಷ್ಠುರವೂ ಉದಾರತೆಯೂ ನಮ್ಮ ಮನೆಗಳಲ್ಲಿ ನೆಲಸುವಂತೆ ಶಿವನು ಕರುಣಿಸಲಿ.